ಅಮಾವಾಸ್ಯೆಯ ಮೀನು, ಗಂಜಿಯ ನೂಲು

ಗಾಳ ಹಾಕುವ ಹುಚ್ಚಿನವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಎರಡೂ ಕೈ ಅಗಲಿಸಿ "ಇಷ್ಟುದ್ದ ಇತ್ತು ಕಣ್ರೀ" ಅನ್ನದವರು ಅವರಲ್ಲಿ ಯಾರೂ ಇಲ್ಲ. ವರ್ಷ ಕಳೆದಂತೆಲ್ಲ ಆ ಎರಡು ಕೈಗಳ ನಡುವಿನ ಜಾಗವೂ ಹಿಗ್ಗುತ್ತಾ ಹೋಗುತ್ತದೆ. ಹಾಗೆ ಕೈ ಅಗಲಿಸದವರು ನನಗೆ ಗೊತ್ತಿದ್ದ ಮಟ್ಟಿಗೆ ಒಬ್ಬರೇ. ಪೊಳ್ಳಾಚಿಯ ಬಳಿಯ ನೆಗಮಂನಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನರು, ಸೀರೆ ನೇಯುವವರು. ಮೀನು ಎಷ್ಟು ದೊಡ್ಡದಿತ್ತು ಎಂದು ಯಾರಾದರೂ ಕೇಳಿದರೆ ಅವರು ಅಂಗಿಯ ಜೇಬಿನಿಂದ ಒಂದು ನೂಲು ತೆಗೆಯುತ್ತಿದ್ದರು. ಅದರಲ್ಲಿ ಎರಡು ಗಂಟು ಇರುತ್ತಿತ್ತು. "ಈ ಗಂಟಿಂದ ಆ ಗಂಟಿಗೆ" ಎಂದಷ್ಟೇ ಹೇಳಿ ನೂಲನ್ನು ಮತ್ತೆ ಜೇಬಿಗೆ ಸೇರಿಸುತ್ತಿದ್ದರು.

ಕಳೆದ ತಿಂಗಳು ಅವರ ಮಗಳು ಫೋನ್ ಮಾಡಿದಳು. "ಅಕ್ಕಾ, ಅಪ್ಪ ಹೋಗ್ಬುಟ್ರು" ಎಂದಳು. ತೊಂಬತ್ತು ದಾಟಿತ್ತು, ನೋವಿಲ್ಲದೆ ಹೋದರು, ಅಳುವಂಥದ್ದೇನೂ ಇಲ್ಲ ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ನಾನು ಅತ್ತೆ. ಅಳುವುದಕ್ಕೆ ವಯಸ್ಸಿನ ಲೆಕ್ಕ ಯಾಕೆ ಬೇಕು?

ಎಂಬತ್ತರ ದಶಕದ ನಡುವೆ ನಾನು ಅಲ್ಲಿಗೆ ಹೋದದ್ದು. ನಂಜನಗೂಡಿನ ಕಡೆಯವಳು, ಇಪ್ಪತ್ತಾರು ವಯಸ್ಸು, ಬ್ಯಾಂಕಿನಲ್ಲಿ ಗುಮಾಸ್ತೆ. ಮೂಗಿನ ತುದಿಯಲ್ಲಿ ಕೋಪ. ತಮಿಳು ಬಾರದವಳನ್ನು ತಮಿಳರ ಊರಿಗೆ ಹಾಕಿದರಲ್ಲ ಎಂದು ಹೆಡ್ಡಾಫೀಸನ್ನು ಶಪಿಸುತ್ತಾ ಬಸ್ಸಿಳಿದರೆ, ನೇಕಾರರ ಬೀದಿಯಲ್ಲಿ ಒಬ್ಬ ಹೆಂಗಸು ಕೋಳಿಯನ್ನು ಕನ್ನಡದಲ್ಲಿ ಬೈಯುತ್ತಿದ್ದಳು. ತಲೆಮಾರುಗಳ ಹಿಂದೆ ಕನ್ನಡ ಸೀಮೆಯಿಂದ ಬಂದು ನೆಲೆಸಿದ ನೇಕಾರರ ಮನೆ, ಅಲ್ಲೇ ನನಗೆ ಕೋಣೆ ಸಿಕ್ಕಿತು. ಕೋಳಿ ಬೈದಾಕೆ ಅವರ ಹೆಂಡತಿ. ನನಗೆ ಅವರಿಬ್ಬರೂ ವಾರದೊಳಗೆ ದೊಡ್ಡಪ್ಪ, ದೊಡ್ಡಮ್ಮ ಆದರು. ನಾನು ಅವರಿಗೆ ಅಮ್ಮಿಣಿ ಆದೆ. ಆ ಸೀಮೆಯಲ್ಲಿ ಮನೆಯ ಹೆಣ್ಣುಮಕ್ಕಳನ್ನು ಮುದ್ದಿನಿಂದ ಕರೆಯುವುದು ಹಾಗೆ.

ಅವರ ಕನ್ನಡಕ್ಕೆ ನಾನು ಮೊದಲು ನಕ್ಕಿದ್ದೆ. ಅರ್ಧ ತಮಿಳು, ಅದಕ್ಕೊಂದು ರಾಗ. ಅವರು ಬೇಸರಪಡಲಿಲ್ಲ.

"ನಿಂದು ಪುಸ್ತಕದ ಕನ್ನಡ ಅಮ್ಮಿಣಿ. ನಮ್ದು ಅಡುಗೆಮನೆ ಕನ್ನಡ. ವಾಸಲು ದಾಟುದ್ರೆ ತಮಿಳು ತಾನೆ. ಒಳಗೇ ಇದ್ದು ಇದ್ದು ಅದೂ ಕೊಂಚ ಬೆಂದದೆ" ಎಂದರು.

ಕನ್ನಡ ಅಕ್ಷರ ಅವರಿಗೆ ಬರುತ್ತಿರಲಿಲ್ಲ. ತಮಿಳನ್ನು ಬೆರಳಿಟ್ಟು ಓದುತ್ತಿದ್ದರು. ಮುಂದಿನ ಕೋಣೆಯಲ್ಲಿ ಗುಂಡಿಮಗ್ಗ. ಕಾಲುಗಳು ನೆಲದೊಳಗಿನ ಗುಂಡಿಯಲ್ಲಿ, ತಲೆ ನಮ್ಮ ಮೊಣಕಾಲಿನ ಮಟ್ಟಕ್ಕೆ. ಹಾಗಾಗಿ ಆ ಮನೆಗೆ ಬಂದವರೆಲ್ಲ ಅವರೊಡನೆ ಮಾತಾಡಬೇಕಾದರೆ ಕುಕ್ಕರಗಾಲಲ್ಲಿ ಕೂರಬೇಕಿತ್ತು. ನಮ್ಮ ಬ್ಯಾಂಕಿನ ಮ್ಯಾನೇಜರ್ ಕೂಡ ಒಮ್ಮೆ ಹಾಗೆ ಕೂತರು. ನನಗೆ ಅದನ್ನು ನೋಡಿ ತುಂಬ ಖುಷಿಯಾಯಿತು.

ಬೆಳಿಗ್ಗೆ ಬೀದಿಯುದ್ದಕ್ಕೂ ಹಾಸುನೂಲನ್ನು ಬಿಗಿಯಾಗಿ ಎಳೆದು ಕಟ್ಟಿ, ಅದಕ್ಕೆ ಗಂಜಿ ಸವರಿ, ಕುಂಚದಿಂದ ತೀಡಿ ಒಣಗಿಸುತ್ತಿದ್ದರು. ಗಂಜಿ ಕುಡಿದ ನೂಲು ಮಗ್ಗದಲ್ಲಿ ಕಡಿಯುವುದಿಲ್ಲ. ಒಂದು ದಿನ ಬಸ್ಸಿಗೆ ತಡವಾಯಿತೆಂದು ನಾನು ಅದರ ಕೆಳಗೆ ನುಸುಳಿದೆ, ಕೈಚೀಲ ತಗುಲಿ ನಾಲ್ಕಾರು ಎಳೆ ಹೋಯಿತು. ಅವರು ನನಗೆ ಬೈದದ್ದು ಅದೊಂದೇ ಸಲ. ಬೈದು ಮುಗಿಸಿದ ಮೇಲೆ "ಬಸ್ಸು ಹೋಯ್ತಾ, ಸಿಕ್ತಾ?" ಎಂದು ಕೇಳಿದರು.

ತಿಂಗಳಿಗೊಂದು ದಿನ, ಅಮಾವಾಸ್ಯೆಗೆ, ಆ ಬೀದಿಯಲ್ಲಿ ಮಗ್ಗಗಳಿಗೆ ರಜೆ. ನೇಕಾರರಿಗೆ ಭಾನುವಾರವಿಲ್ಲ, ಅಮಾವಾಸ್ಯೆಯೇ ಭಾನುವಾರ. ಆ ದಿನ ಉಳಿದವರು ದೇವಸ್ಥಾನ, ನೆಂಟರ ಮನೆ, ಸಿನಿಮಾ ಎಂದು ಹೊರಟರೆ ನಮ್ಮ ದೊಡ್ಡಪ್ಪ ಮೊದಲ ಬಸ್ಸಿಗೆ ಪೊಳ್ಳಾಚಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಬೆಟ್ಟದ ಬುಡದ ಅಣೆಕಟ್ಟಿನ ಹಿನ್ನೀರಿಗೆ ಗಾಳ ಹಾಕಲು ಹೋಗುತ್ತಿದ್ದರು. ಬಿದಿರಿನ ಗಳುವನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿರುತ್ತಿದ್ದರು. ಗಾಳಕ್ಕೆ ಮಗ್ಗದ ಗಂಜಿಯನ್ನೇ ತವುಡಿನಲ್ಲಿ ಕಲಸಿದ ಉಂಡೆ.

ಆದರೆ ಅಮಾವಾಸ್ಯೆಯ ದಿನ ಆ ಮನೆಯೊಳಗೆ ಮೀನು ಬರುವಂತಿಲ್ಲ. ದೊಡ್ಡಮ್ಮ ಆ ದಿನ ಹಿರಿಯರಿಗೆ ಎಡೆ ಇಟ್ಟು, ಕಾಗೆಗೆ ಅನ್ನ ಹಾಕುವ ತನಕ ನೀರು ಕುಡಿಯುತ್ತಿರಲಿಲ್ಲ. "ಮಗ್ಗ ಓಡೋ ದಿನ ಮೀನು ತಿನ್ಬೋದು, ಹಿಡಿಯಾಕೆ ಹೊತ್ತಿಲ್ಲ. ಮಗ್ಗ ನಿಲ್ಲೋ ದಿನ ಹಿಡಿಬೋದು, ತಿನ್ನಂಗಿಲ್ಲ. ಇವರ ಹಣೇಲಿ ಬರ್ದಿರೋದು ಇಷ್ಟೇ" ಎಂದು ಆಕೆ ನಗುತ್ತಿದ್ದಳು. ಹಿಡಿದ ಮೀನನ್ನು ಅಣೆಕಟ್ಟಿನ ಕಾವಲುಗಾರನಿಗಾದರೂ ಕೊಡಬಾರದೇ ಎಂದು ನಾನು ಕೇಳಿದೆ. "ಅವನಿಗೂ ಅಮಾವಾಸೆ ತಾನೆ ಅಮ್ಮಿಣಿ" ಎಂದರು ದೊಡ್ಡಪ್ಪ. ಹಾಗಾಗಿ ಹಿಡಿದದ್ದನ್ನೆಲ್ಲ ನೂಲಿನಲ್ಲಿ ಅಳೆದು, ಗಂಟು ಹಾಕಿ, ನೀರಿಗೆ ಬಿಟ್ಟು ಬರುತ್ತಿದ್ದರು. ಬೀದಿಯವರು ಸಂಜೆ ಅವರನ್ನು ಬಸ್‌ಸ್ಟಾಪಿನಿಂದಲೇ ಚುಡಾಯಿಸಿಕೊಂಡು ಬರುತ್ತಿದ್ದರು. ಅವರು ಗಂಟು ತೋರಿಸುತ್ತಿದ್ದರು.

ಒಂದು ಅಮಾವಾಸ್ಯೆಯ ಸಂಜೆ ಅವರು ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಚೌಕಳಿ ಹಾಳೆ. ಸೀರೆಯ ಅಂಚಿನ ಚಿತ್ರ ಬರೆಯುವ ಹಾಳೆ ಅದು, ಒಂದೊಂದು ಚೌಕಕ್ಕೆ ಒಂದೊಂದು ಎಳೆ.

"ಅಮ್ಮಿಣಿ, ಇವತ್ತು ಒಂದು ಮೀನಿನ ಬೆನ್ನಲ್ಲಿ ಕಡುದಾಸಿ ಇತ್ತು. ಓದಿ ಹೇಳು."

ಕಡುದಾಸಿ ಎಂದರೆ ಕಾಗದ. ಮೀನಿನ ಬೆನ್ನಿನ ರೆಕ್ಕೆಯ ಬುಡದಲ್ಲಿ ಹಳದಿ ಪ್ಲಾಸ್ಟಿಕ್ಕಿನ ಸಣ್ಣ ಕಡ್ಡಿಯೊಂದನ್ನು ಚುಚ್ಚಿ ಕೂಡಿಸಿದ್ದರಂತೆ. ಅದರ ಮೇಲೆ ಇಂಗ್ಲಿಷ್ ಅಕ್ಷರ. ದೊಡ್ಡಪ್ಪನಿಗೆ ಇಂಗ್ಲಿಷ್ ಬಾರದು. ದಡದಲ್ಲಿ ಕಲ್ಲು ಜೋಡಿಸಿ ನೀರು ನಿಲ್ಲಿಸಿ, ಮೀನನ್ನು ಅದರಲ್ಲಿ ಬಿಟ್ಟು, ಆ ಅಕ್ಷರಗಳನ್ನು ಅಂಚಿನ ಬಳ್ಳಿಯನ್ನು ನಕಲು ಮಾಡುವ ಹಾಗೆ ಚೌಕ ಎಣಿಸಿ ಬರೆದುಕೊಂಡು ಬಂದಿದ್ದರು. ಕಡ್ಡಿಯ ಮೇಲಿದ್ದ ಗೀರನ್ನೂ ಬಿಟ್ಟಿರಲಿಲ್ಲ, ಅದನ್ನೂ ಅಕ್ಷರವೆಂದೇ ಬರೆದಿದ್ದರು. ಅಷ್ಟು ಚೊಕ್ಕ ಬರವಣಿಗೆಯನ್ನು ನಾನು ಬ್ಯಾಂಕಿನಲ್ಲೂ ಕಂಡಿರಲಿಲ್ಲ. ಒಂದು ಸಂಖ್ಯೆ ಇತ್ತು, ಇನ್ನೂರ ಹದಿನಾಲ್ಕು. ಕಡಲ ಕಡೆಯ ಒಂದು ಮೀನು ಸಂಶೋಧನಾ ಕೇಂದ್ರದ ವಿಳಾಸ ಇತ್ತು. ಸಿಕ್ಕಿದವರು ತಿಳಿಸಿ ಎಂಬ ಒಕ್ಕಣೆ ಇತ್ತು.

"ಅಂಗಾದ್ರೆ ತಿಳಿಸು" ಎಂದು ಅವರು ಅಲ್ಲೇ ಕೂತರು.

ನಾನು ಇಂಗ್ಲಿಷಿನಲ್ಲಿ ಬರೆದೆ. ದಿನ, ಜಾಗ, ಮೀನಿನ ಸಂಖ್ಯೆ, ಜಾತಿ. ನೂಲನ್ನು ಮೇಜಿನ ಮೇಲೆ ಹಾಸಿ ಸ್ಕೇಲಿನಿಂದ ಅಳೆದು ಇಷ್ಟು ಸೆಂಟಿಮೀಟರ್ ಎಂದು ಬರೆದೆ. ಮೀನನ್ನು ನೀರಿಗೆ ಬಿಟ್ಟಿದ್ದೇವೆ, ಕಡ್ಡಿ ಮೀನಿನಲ್ಲೇ ಇದೆ ಎಂದೂ ಬರೆದೆ. ಯಾವುದರಿಂದ ಅಳೆದದ್ದು ಎಂದು ಮಾತ್ರ ಬರೆಯಲಿಲ್ಲ. ಬರೆಯಬೇಕೆಂದು ಹೊಳೆಯಲೂ ಇಲ್ಲ.

ಮೂರು ವಾರಕ್ಕೆ ಉತ್ತರ ಬಂತು. ಬರೆದವರು ಅಲ್ಲಿನ ಅಧಿಕಾರಿ, ಸಹಿ ಓದಲಾಗದಂತಿದ್ದರೂ ಮನಸ್ಸು ಓದಬಹುದಾದ ಮನುಷ್ಯ. ಮೀನು ಎಲ್ಲಿಗೆ ಹೋಗುತ್ತದೆ, ಎಷ್ಟು ದಿನಕ್ಕೆ ಎಷ್ಟು ಬೆಳೆಯುತ್ತದೆ, ಎಷ್ಟು ಉಳಿದಿದೆ ಎಂದು ತಿಳಿಯಲು ಹೀಗೆ ಗುರುತು ಹಾಕಿ ಬಿಡುತ್ತೇವೆ ಎಂದು ವಿವರಿಸಿದ್ದರು. ಕಡಲಿನಲ್ಲೂ ಇದನ್ನೇ ಮಾಡಬೇಕೆಂದಿದ್ದಾರಂತೆ. ಆದರೆ ಕಡಲು ದೊಡ್ಡದು, ಅವರ ದೋಣಿ ಒಂದು. ಸಂತೋಷಕ್ಕೆ ಗಾಳ ಹಾಕುವವರು ಸಿಕ್ಕಿದ ಗುರುತನ್ನು ತಿಳಿಸದಿದ್ದರೆ ಬಿಟ್ಟ ಮೀನು ಬಿಟ್ಟ ಹಾಗೆಯೇ. ಜನ ತಿಳಿಸುತ್ತಾರೋ ಇಲ್ಲವೋ ಎಂದು ಮೊದಲು ಈ ಹಿನ್ನೀರಿನಲ್ಲಿ ಪರೀಕ್ಷೆ ಮಾಡುತ್ತಿದ್ದಾರೆ. ನಿಮ್ಮ ಕಾಗದದಿಂದ ನಮಗೆ ಧೈರ್ಯ ಬಂತು ಎಂದಿದ್ದರು. ಕೊನೆಗೆ ಒಂದು ಸಾಲು: ಸಾಧ್ಯವಾದರೆ ಏನೂ ಸಿಗದ ದಿನವೂ ಒಂದು ಕಾರ್ಡು ಹಾಕಿ.

ಆ ಸಾಲನ್ನು ನಾನು ಓದಿ ಹೇಳಬಾರದಿತ್ತು. ಅಲ್ಲಿಂದ ಪ್ರತಿ ಅಮಾವಾಸ್ಯೆಯ ಸಂಜೆ ನನಗೆ ಗುಮಾಸ್ತಿಕೆ ತಪ್ಪಲಿಲ್ಲ. ಒಂದು ತಿಂಗಳು ಹಲ್ಲುನೋವಿನಲ್ಲಿ ನನ್ನ ತಾಳ್ಮೆ ಕೆಟ್ಟಿತು.

"ದೊಡ್ಡಪ್ಪ, ಏನೂ ಸಿಗಲಿಲ್ಲ ಅಂತ ಲೋಕದಲ್ಲಿ ಯಾರಾದರೂ ಕಾಗದ ಬರೀತಾರಾ?"

"ಸಿಗ್ಲಿಲ್ಲ, ಆಮಾ. ಆದ್ರೆ ನಾನು ಹೋಗಿದ್ದೆನಲ್ಲ. ಹೋಗದೇ ಇರೋನಿಗೂ ಹೋಗಿ ಸಿಗದೇ ಬಂದೋನಿಗೂ ವೆತ್ಯಾಸ ಇಲ್ವಾ? ಎಷ್ಟೊತ್ತು ಕೂತಿದ್ದೆ ಅಂತನೂ ಬರಿ." ಆಮಾ ಎಂದರೆ ಹೌದು.

ಬರೆದೆ. ಹಲ್ಲು ಕಚ್ಚಿಕೊಂಡು ಅನ್ನುವುದು ಆ ದಿನ ಬರೀ ಮಾತಾಗಿರಲಿಲ್ಲ.

ಅಣೆಕಟ್ಟಿನ ದಡಕ್ಕೆ ಪೊಳ್ಳಾಚಿಯ ಬೆಲ್ಲದ ಮಂಡಿಯ ಯಜಮಾನರೊಬ್ಬರು ಕಾರಿನಲ್ಲಿ ಬರುತ್ತಿದ್ದರು. ಫಳಫಳ ಹೊಳೆಯುವ ಗಾಳದ ಕೋಲು, ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ. ಅವರ ಕಾರಿನ ಕೀಲಿಗೊಂಚಲಲ್ಲಿ ಮೂರು ಹಳದಿ ಕಡ್ಡಿ ತೂಗುತ್ತಿದ್ದವು. ತಾವು ಹಿಡಿದ ಮೀನುಗಳದ್ದು, ಅಂದಕ್ಕೆ ಇಟ್ಟುಕೊಂಡಿದ್ದರು. ದೊಡ್ಡಪ್ಪ ಅದನ್ನು ನೋಡಿ ಎರಡು ಅಮಾವಾಸ್ಯೆ ಸುಮ್ಮನಿದ್ದರು. ಮೂರನೆಯ ಸಲ ಹತ್ತಿರ ಹೋಗಿ, ಕೈಕಟ್ಟಿ, ತಮಿಳಿನಲ್ಲಿ ಹೇಳಿದರಂತೆ: "ಅಯ್ಯಾ, ಯಾರದೋ ಕಾಗದ ನಿಮ್ಮ ಕೈಯಲ್ಲಿ ಉಳಿದುಬಿಟ್ಟಿದೆ. ತಲುಪಿಸಬೇಕಲ್ಲ." ಮಂಡಿಯವರಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಹಿಡಿದ ದಿನ ನೆನಪಿಲ್ಲ ಎಂದರು. ದೊಡ್ಡಪ್ಪ ಬಿಡಲಿಲ್ಲ. ಆ ದಿನ ಮಂಡಿಯಲ್ಲಿ ಏನು ವ್ಯಾಪಾರವಿತ್ತು, ಮಳೆ ಇತ್ತೋ ಇಲ್ಲವೋ, ಜೊತೆಗೆ ಯಾರು ಬಂದಿದ್ದರು ಎಂದು ಎಳೆ ಎಳೆಯಾಗಿ ಬಿಡಿಸಿ, ಮೂರರಲ್ಲಿ ಎರಡರ ದಿನವನ್ನು ಹೊರಗೆಳೆದರು. ಮೂರನೆಯದಕ್ಕೆ "ದಿನ ಗೊತ್ತಿಲ್ಲ" ಎಂದೇ ಬರೆಸಿದರು. ಒಂದು ಅಂದಾಜು ಹಾಕೋಣ ಎಂದು ನಾನು ಅಂದದ್ದಕ್ಕೆ ಅವರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಆಮೇಲೆ ಮಂಡಿಯವರು ತಮ್ಮ ಕಾಫಿಯಲ್ಲಿ ಅರ್ಧ ದೊಡ್ಡಪ್ಪನಿಗೆ ಕೊಡುತ್ತಿದ್ದರು.

ಅಳೆದ ನೂಲುಗಳನ್ನು ಅವರು ಎಸೆಯುತ್ತಿರಲಿಲ್ಲ. ಗುರುತಿನ ಮೀನಿನದ್ದಾದರೆ ನೂಲಿಗೆ ಚೀಟಿ ಕಟ್ಟಿ ಮಗ್ಗದ ಕಂಬದ ಮೊಳೆಗೆ ನೇತುಹಾಕುತ್ತಿದ್ದರು. ಎರಡು ವರ್ಷದಲ್ಲಿ ಅಲ್ಲಿ ಹದಿನೇಳು ನೂಲು ಸೇರಿದವು. ಎಷ್ಟೋ ಸಲ ಅವರು ಲಾಳಿ ನಿಲ್ಲಿಸಿ ಆ ಗೊಂಚಲನ್ನು ನೋಡುತ್ತಾ ಕೂತಿರುತ್ತಿದ್ದರು.

ಆಗ ಬಂತು ಆಹ್ವಾನ. ಹೆಚ್ಚು ಗುರುತು ತಿಳಿಸಿದ ಕೆಲವರನ್ನು ಕೇಂದ್ರದವರು ಒಂದು ದಿನ ಕರೆಸಿ, ತಮ್ಮ ದೋಣಿಯಲ್ಲಿ ಕಡಲೊಳಗೆ ಕರೆದುಕೊಂಡು ಹೋಗಿ, ಮೀನಿಗೆ ಗುರುತು ಹಾಕುವುದನ್ನು ತೋರಿಸುತ್ತಾರಂತೆ. ದೊಡ್ಡಪ್ಪ ಕಡಲು ಕಂಡವರಲ್ಲ. ತಂದೆಯ ಕಾಲದಿಂದ ಆ ಗುಂಡಿಮಗ್ಗವೇ ಲೋಕ, ಬಹಳವೆಂದರೆ ಕಾರಮಡೈ ರಂಗನಾಥರ ಗುಡಿ. ಕಾಗದ ಓದಿ ಹೇಳಿದ ದಿನ ಅವರ ಮುಖ ನೋಡಬೇಕಿತ್ತು. ಊಟಕ್ಕೆ ಕೂತಾಗ ಕೇಳಿದರು:

"ಅಮ್ಮಿಣಿ, ನೀನು ಕಡಲು ನೋಡಿದ್ದೀಯಲ್ಲ. ನಮ್ಮ ಅಣೆಗಿಂತ ಎಷ್ಟು ದೊಡ್ಡದು?"

ಕಾಲೇಜಿನ ಪ್ರವಾಸದಲ್ಲಿ ನೋಡಿದ್ದೆ. ಹೇಳಲು ಮಾತು ಸಿಗದೆ ಎರಡೂ ಕೈ ಅಗಲಿಸಿದೆ. ಅವರು ನನ್ನ ಕೈಗಳನ್ನು ನೋಡಿ, ದೊಡ್ಡಮ್ಮನ ಕಡೆ ತಿರುಗಿ, "ಬ್ಯಾಂಕಲ್ಲಿ ಕೆಲಸ ಮಾಡ್ತಾಳೆ, ಇದು ಅಳವಾ?" ಎಂದು ನನ್ನ ಅಳತೆಗೆ ನಕ್ಕರು. ದೊಡ್ಡಮ್ಮ ಅವರಿಗೆ ಉಡಲು ಹೊಸ ವೇಷ್ಟಿ ತಂದಿಟ್ಟಳು. ಅಮಾವಾಸ್ಯೆಯಲ್ಲದ ದಿನ ಮಗ್ಗ ನಿಲ್ಲಿಸುವುದು ಅವರ ಜೀವನದಲ್ಲಿ ಅದೇ ಮೊದಲಾಗುವುದಿತ್ತು.

ಆ ದಿನಕ್ಕೆ ಇನ್ನೂ ಐದು ವಾರವಿರುವಾಗ ಮತ್ತೊಂದು ಕಾಗದ ಬಂತು. ಅಧಿಕಾರಿ ಸೌಜನ್ಯದಿಂದಲೇ ಬರೆದಿದ್ದರು. ನೀವು ಹೋದ ಸಲ ತಿಳಿಸಿದ ಮೀನಿಗೆ ನಾವು ಗುರುತು ಹಾಕಿ ಒಂದು ತಿಂಗಳೂ ಆಗಿರಲಿಲ್ಲ. ನಾವು ಬಿಟ್ಟಾಗ ಇದ್ದ ಉದ್ದಕ್ಕಿಂತ ನಿಮ್ಮ ಅಳತೆ ಎರಡು ಸೆಂಟಿಮೀಟರ್ ಕಡಿಮೆ ಇದೆ. ಮೀನು ಕುಗ್ಗುವುದಿಲ್ಲ. ದಯವಿಟ್ಟು ಕಾರಣ ತಿಳಿಸಿ, ಅಲ್ಲಿಯ ತನಕ ದೋಣಿಯ ಪಟ್ಟಿಯಲ್ಲಿ ನಿಮ್ಮ ಹೆಸರನ್ನು ತಡೆಹಿಡಿದಿದ್ದೇವೆ.

"ನಾನು ಪೊಯ್ ಹೇಳ್ದೆ ಅಂತಾರಾ?" ಎಂದರು ದೊಡ್ಡಪ್ಪ. ಪೊಯ್ ಎಂದರೆ ಸುಳ್ಳು. ಆ ಮನೆಯಲ್ಲಿ ಆ ಪದವನ್ನು ನಾನು ಕೇಳಿದ್ದು ಅದೇ ಮೊದಲು.

ಹಾಗಲ್ಲ, ಅಳತೆ ತಪ್ಪಿರಬಹುದು ಎಂದಷ್ಟೇ ಅಂತ ನಾನು ಸಾವಿರ ಸಲ ಹೇಳಿದೆ. ಅವರು ಆ ನೂಲನ್ನು ಇಳಿಸಿ ಮತ್ತೆ ಮತ್ತೆ ನನ್ನ ಸ್ಕೇಲಿನ ಮೇಲೆ ಹಿಡಿದರು. ನಾನು ಬರೆದದ್ದು ಸರಿಯಾಗೇ ಇತ್ತು. ಗಂಟು ಜರುಗಿರಲಿಲ್ಲ. ನಾಲ್ಕು ದಿನ ಮಗ್ಗದ ಸದ್ದು ಕೇಳಿದರೆ ಸಾಕು, ಅವರ ಮನಸ್ಸು ಎಲ್ಲಿದೆ ಎಂದು ಗೊತ್ತಾಗುತ್ತಿತ್ತು. ಒಂದೇ ಸಮ ಬರುತ್ತಿದ್ದ ಸದ್ದು ತಪ್ಪಿ ತಪ್ಪಿ ಬರುತ್ತಿತ್ತು.

ಐದನೆಯ ದಿನ ಸಂಜೆ ನಾನು ಬ್ಯಾಂಕಿನಿಂದ ಬರುವಾಗ ಒಬ್ಬ ಹೆಂಗಸು ಮಗ್ಗದ ಮುಂದೆ ಕೂತು ಜಗಳ ಆಡುತ್ತಿದ್ದಳು. ಅವರಲ್ಲಿ ಕೊಂಡ ಸೀರೆ ಮೊದಲ ಒಗೆತಕ್ಕೇ ಗಿಡ್ಡವಾಗಿದೆ ಎಂದು ಅವಳ ದೂರು. ಇಂಥ ದೂರು ಹೊಸತಲ್ಲ. ದೊಡ್ಡಪ್ಪ ಯಾವಾಗಲೂ ಕೊಡುವ ಉತ್ತರವನ್ನೇ ಶುರುಮಾಡಿದರು.

"ಗಂಜಿ ನೂಲು ತಾಯಿ. ಎಳೆದು ಕಟ್ಟಿ ಒಣಗಿಸಿರ್ತೀವಿ. ಮೊದಲ ನೀರು ಬಿದ್ರೆ ಗಂಜಿ ಬಿಡ್ತದೆ, ನೂಲು ಕೊಂಚ ಮುದುರ್ಕೊ..."

ಅಲ್ಲಿಗೆ ಮಾತು ನಿಂತಿತು. ಬಾಯಿ ತೆರೆದೇ ಇತ್ತು. ಅವರು ಕಂಬದ ಮೊಳೆಯನ್ನು ನೋಡಿದರು. ಆ ಹೆಂಗಸು ನನ್ನನ್ನು ನೋಡಿದಳು. ನಾನೂ ಮೊಳೆಯನ್ನು ನೋಡಿದೆ.

ನಲವತ್ತು ವರ್ಷ ಊರಿಗೆಲ್ಲ ಹೇಳಿದ ಮಾತು ಅದು. ಬೇರೆ ಕಸುಬಿನವರಾಗಿದ್ದರೆ ಕೋಲನ್ನೋ ಟೇಪನ್ನೋ ಹಿಡಿಯುತ್ತಿದ್ದರು. ಇವರ ಕೈಗೆ ಸದಾ ಸಿಗುತ್ತಿದ್ದದ್ದು ಗಂಜಿ ಹಾಕಿದ ಹಾಸುನೂಲು. ಒದ್ದೆ ಮೀನಿನ ಮೇಲೆ ಹಿಡಿದು, ಗಂಟು ಹಾಕಿ, ಒದ್ದೆಯಾಗಿಯೇ ಜೇಬಿಗೆ ಹಾಕಿಕೊಂಡು ಬರುತ್ತಿದ್ದರು. ಮನೆ ಸೇರುವಷ್ಟರಲ್ಲಿ ನೂಲು ಒಣಗಿ ಮುದುರಿರುತ್ತಿತ್ತು.

ಮರುದಿನವೇ ಪರೀಕ್ಷೆ ಮಾಡಿದರು. ಹನ್ನೆರಡು ಎಳೆ ತೆಗೆದು, ಗಜದ ಕೋಲಿನ ಮೇಲೆ ಒಂದೇ ಅಳತೆಗೆ ಗಂಟು ಹಾಕಿ, ನೀರಲ್ಲಿ ಅದ್ದಿ, ಜೇಬಲ್ಲಿಟ್ಟುಕೊಂಡು ಬಸ್ಸಿನ ಹೊತ್ತಿನಷ್ಟು ಬೀದಿಯಲ್ಲಿ ತಿರುಗಿದರು. ಹನ್ನೆರಡೂ ಕುಗ್ಗಿದ್ದವು. ಆದರೆ ಒಂದೊಂದು ಒಂದೊಂದು ಥರ. ಕೆಲವು ಅರ್ಧ ಬೆರಳು, ಕೆಲವು ಒಂದೂವರೆ.

"ಎಲ್ಲಕ್ಕೂ ಒಂದೇ ಲೆಕ್ಕ ಸೇರಿಸಿ ಸರಿಮಾಡಾಕೂ ಆಗಲ್ಲ" ಎಂದರು. "ಅಮ್ಮಿಣಿ, ಬರಿ. ಹದಿನೇಳೂ ತಪ್ಪು ಅಂತ ಬರಿ."

ನನಗೆ ಸಿಟ್ಟು ಬಂತು. "ಅವರು ಕೇಳಿರೋದು ಒಂದೇ ಮೀನು ದೊಡ್ಡಪ್ಪ! ಉಳಿದ ಹದಿನಾರು ನೀರಲ್ಲಿದ್ದು ಬೆಳೆದಿವೆ, ಯಾರಿಗೂ ಅನುಮಾನ ಬಂದಿಲ್ಲ. ಅದೊಂದರಲ್ಲಿ ಕೈ ತಪ್ಪಿತು ಅಂತ ಬರೀತೀನಿ. ಹೆಸರು ಪಟ್ಟಿಯಲ್ಲಿ ಉಳಿಯುತ್ತೆ. ಕಡಲು ನೋಡಿ ಬನ್ನಿ."

"ಅವರು ಕೇಳಿದ್ದು ಒಂದು. ತಪ್ಪಾಗಿರೋದು ಎಲ್ಲ."

"ಎರಡು ವರ್ಷ ನಾವು ಬರೆದದ್ದೆಲ್ಲ ಹೊಡೆದುಹಾಕ್ತಾರೆ."

"ಹೊಡೀಲಿ. ಅವರು ನಾಳೆ ಆ ಅಳವು ಇಟ್ಕೊಂಡು ಮೀನು ಇಷ್ಟೇ ಬೆಳೆಯೋದು ಅಂತ ಕಡಲೋರಿಗೆಲ್ಲ ಹೇಳ್ತಾರೆ. ನನ್ನ ಜೇಬಲ್ಲಿ ಮುದುರಿದ ನೂಲು ಅದು. ನಾನು ಹೋಗಿ ಆ ದೋಣೀಲಿ ಹೆಂಗೆ ಕೂರ್ಲಿ?"

ನನ್ನ ಸಿಟ್ಟು ಇಳಿದು ಅಳು ಬಂತು. ನೂಲಿನಿಂದ ಅಳೆದದ್ದೆಂದು ಮೊದಲ ದಿನವೇ ನಾನು ಬರೆದಿದ್ದರೆ ಕೇಂದ್ರದವರು ಆಗಲೇ ಎಚ್ಚರಿಸುತ್ತಿದ್ದರು, ಓದಿದವಳು ನಾನು, ತಪ್ಪು ನನ್ನದು ಎಂದೆ. ಸಮಾಧಾನ ಮಾಡುತ್ತಾರೆ ಅಂದುಕೊಂಡಿದ್ದೆ. ದೊಡ್ಡಪ್ಪ "ಆಮಾ. ಅದನ್ನೂ ಬರಿ" ಎಂದರು.

ಅದನ್ನೂ ಬರೆದೆ. ಹದಿನೇಳು ನೂಲುಗಳನ್ನೂ, ಪರೀಕ್ಷೆಯ ಹನ್ನೆರಡನ್ನೂ ಚೀಟಿ ಸಮೇತ ದಪ್ಪ ಲಕೋಟೆಗೆ ಹಾಕಿ ಅವರೇ ಅಂಚೆಗೆ ಕೊಟ್ಟು ಬಂದರು. ಕಂಬದ ಮೊಳೆ ಬರಿದಾಯಿತು.

ಉತ್ತರ ಬರಲಿಲ್ಲ. ದೋಣಿಯ ದಿನ ಬಂತು, ಹೋಯಿತು. ಆ ದಿನ ಅವರು ಬೆಳಿಗ್ಗೆಯಿಂದ ನೇಯ್ದರು. ದೊಡ್ಡಮ್ಮ ಹೊಸ ವೇಷ್ಟಿಯನ್ನು ಟ್ರಂಕಿನ ತಳಕ್ಕೆ ಇಟ್ಟಳು. ನನಗೆ ಮಾತ್ರ ಲೋಕದ ಮೇಲೆಲ್ಲ ಕೋಪ.

ನಡುವೆ ಅವರು ಒಂದು ಅಳತೆಕೋಲು ಮಾಡಿಕೊಂಡರು. ಹಳೆಯ ಮಗ್ಗದ ಪಟ್ಟಿಯೊಂದನ್ನು ಹೆರೆದು, ನಾನು ಬ್ಯಾಂಕಿನಿಂದ ತಂದ ಉಕ್ಕಿನ ಸ್ಕೇಲನ್ನು ಪಕ್ಕಕ್ಕಿಟ್ಟು, ಕಾಯಿಸಿದ ಸೂಜಿಯಿಂದ ಗೆರೆ ಸುಟ್ಟರು. ಎರಡು ಅಮಾವಾಸ್ಯೆ ಅದನ್ನು ಹೊತ್ತು ಹೋದರು. ಎರಡೂ ಸಲ ಏನೂ ಸಿಗಲಿಲ್ಲ. ಸಿಗಲಿಲ್ಲ ಎಂದು ಬರೆದೆವು.

ಕೊನೆಗೆ ಅಧಿಕಾರಿಯ ಕಾಗದ ಬಂತು. ತಿಂಗಳುಗಟ್ಟಲೆ ದೋಣಿಯಲ್ಲೇ ಇದ್ದುದರಿಂದ ತಡವಾಯಿತೆಂದು ಕ್ಷಮೆ ಕೇಳಿದ್ದರು. ಹದಿನೇಳು ಉದ್ದಗಳನ್ನೂ ಪುಸ್ತಕದಲ್ಲಿ ಹೊಡೆದುಹಾಕಿದ್ದೇನೆ ಎಂದಿದ್ದರು. ಆದರೆ ದಿನ, ಜಾಗ, ಸಂಖ್ಯೆ ಉಳಿದಿವೆ, ಏನೂ ಸಿಗದ ದಿನಗಳೂ ಉಳಿದಿವೆ. ಆ ದಿನಗಳನ್ನು ಬರೆದವರು ನಿಮ್ಮನ್ನು ಬಿಟ್ಟು ಬೇರೆ ಯಾರೂ ಇಲ್ಲ ಎಂದಿದ್ದರು. ತಪ್ಪನ್ನು ಹುಡುಕಿ ತಂದುಕೊಟ್ಟವರೂ ಬೇರೆ ಯಾರೂ ಇಲ್ಲ ಎಂದು ಕೆಳಗೆ ಕೈಯಲ್ಲಿ ಸೇರಿಸಿದ್ದರು. ದೋಣಿಯ ವಿಷಯ ಏನೂ ಇರಲಿಲ್ಲ.

ಹೊಡೆದುಹಾಕಿದ್ದೇನೆ ಎಂಬ ಸಾಲನ್ನು ದೊಡ್ಡಪ್ಪ ಎರಡು ಸಲ ಓದಿಸಿದರು. "ಸರಿ. ಈಗ ಕಣಕ್ಕು ಸರಿಯಾಯ್ತು" ಎಂದು, ಲೆಕ್ಕ ಮುಗಿಸಿದವರ ಹಾಗೆ, ಗುಂಡಿಗೆ ಇಳಿದರು. ಸ್ವಲ್ಪ ಹೊತ್ತಿಗೆ ಮಗ್ಗದ ಸದ್ದು ಮೊದಲಿನ ಹಾಗೆ ಒಂದೇ ಸಮ ಕೇಳಿತು. ಅಂಥ ಮನುಷ್ಯನ ಮನೆಯಲ್ಲಿ ನಾನು ಮೂರು ವರ್ಷ ಉಂಡೆನಲ್ಲ ಎಂದು ನನಗೆ ಹೆಮ್ಮೆಯಾಯಿತು. ಈಗಲೂ ಇದೆ.

ಮರುವರ್ಷ ನನಗೆ ವರ್ಗವಾಯಿತು, ಕಡಲ ತೀರದ ಊರಿಗೆ. ಒಂದು ಸಂಜೆ ಅಲ್ಲಿನ ಕಟ್ಟೆಯ ಮೇಲೆ ನಡೆಯುತ್ತಿದ್ದೆ. ಗಾಳ ಹಾಕುವವರು ಸಾಲಾಗಿ ಕೂತಿದ್ದರು. ಪಕ್ಕದಲ್ಲಿ ತಮಿಳಿನ ಹೊಸ ಬೋರ್ಡು. ಅಷ್ಟು ಹೊತ್ತಿಗೆ ನಾನೂ ಬೆರಳಿಟ್ಟು ತಮಿಳು ಓದುವಷ್ಟಾಗಿದ್ದೆ. ಹಳದಿ ಗುರುತಿನ ಮೀನು ಸಿಕ್ಕರೆ ತಿಳಿಸಿ. ಸಂಖ್ಯೆ ಬರೆಯಿರಿ. ದಿನ, ಜಾಗ ಬರೆಯಿರಿ. ಉದ್ದವನ್ನು ಗಟ್ಟಿ ಕೋಲಿನಿಂದ ಅಳೆಯಿರಿ, ನೂಲು ಹಗ್ಗಗಳಿಂದ ಅಳೆಯಬೇಡಿ. ಏನೂ ಸಿಗದ ದಿನವನ್ನೂ ಬರೆಯಿರಿ.

ನಾನು ಅಲ್ಲೇ ನಿಂತು ಜೋರಾಗಿ ನಕ್ಕೆ. ಗಾಳದವರು ತಿರುಗಿ ನೋಡಿದರು. ಮನೆಗೆ ಬಂದು ಕಾಗದ ಬರೆದೆ: ದೊಡ್ಡಪ್ಪ, ಬರುವ ಅಮಾವಾಸ್ಯೆಗೆ ಗಾಳ ಬೇಡ, ಇಲ್ಲಿಗೆ ಬನ್ನಿ.

ಬಂದರು, ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು, ಟ್ರಂಕಿನ ತಳದ ವೇಷ್ಟಿ ಉಟ್ಟು, ಕೈಯಲ್ಲಿ ಅಳತೆಕೋಲು ಹಿಡಿದು. ಮೊದಲು ಬೋರ್ಡನ್ನು ಬೆರಳಿಟ್ಟು ಓದಿದರು. ನೂಲಿನ ಸಾಲಿಗೆ ಬಂದಾಗ ಬೆರಳು ನಿಂತಿತು.

"ಹೆಸರು ಹಾಕಿಲ್ವಲ್ಲ" ಎಂದೆ ನಾನು.

"ಹಾಕ್ಬಾರ್ದು. ಹಾಕುದ್ರೆ ನೂಲು ಅಂದ್ರೆ ನಾನೊಬ್ನೇ ಅಂದ್ಕೊತಾರೆ. ಅವರ ಜೇಬಲ್ಲೂ ನೂಲದೆ ಅಂತ ಮರ್ತುಬುಡ್ತಾರೆ" ಎಂದರು. ಬೋರ್ಡಿನ ಮೇಲಿಲ್ಲದ ಹೆಸರನ್ನು ನಾನೂ ಇಲ್ಲಿ ಬರೆದಿಲ್ಲ.

ಆಮೇಲೆ ಕಡಲಿನ ಕಡೆ ತಿರುಗಿದರು. ಮಧ್ಯಾಹ್ನದ ತನಕ ನಿಂತಿದ್ದರು. ನೀರು ಮುಟ್ಟಿದರು, ನಾಲಿಗೆಗೆ ಹಚ್ಚಿಕೊಂಡರು. ಹೇಗಿದೆ ಎಂದು ಕೇಳಿದೆ. ಉತ್ತರ ಕೊಡಲಿಲ್ಲ. ಸಂಜೆಯ ಬಸ್ಸಿಗೆ ಹೊರಟುಹೋದರು, ಮರುದಿನ ಮಗ್ಗ ಇತ್ತಲ್ಲ. ಅಷ್ಟು ದೂರ ಕರೆಸಿದೆ, ಒಂದು ಮಾತೂ ಆಡಲಿಲ್ಲವಲ್ಲ ಎಂದು ನನಗೆ ಒಳಗೊಳಗೆ ಕೊರಗಿತ್ತು. ಇಷ್ಟು ವರ್ಷವೂ ಇತ್ತು.

ಕಳೆದ ತಿಂಗಳು ಫೋನಿನಲ್ಲಿ ನಾನು ಅತ್ತು ಮುಗಿಸಿದ ಮೇಲೆ, ಮಗಳು ನಾನು ಕೇಳದೆಯೇ ಹೇಳಿದಳು.

"ಅಕ್ಕಾ, ನಿಮ್ಮೂರಿಂದ ಬಂದ ದಿನ ಅಪ್ಪ ಏನು ಮಾಡುದ್ರು ಗೊತ್ತಾ? ಚೀಲ ಇಳಿಸಿಲ್ಲ ಇನ್ನೂ. ಅಮ್ಮ ಕೇಳುದ್ಲು, ಕಡಲು ಎಷ್ಟು ದೊಡ್ಡದಿತ್ತು ಅಂತ. ಅಪ್ಪ ಕೋಲು ಗೋಡೆಗೆ ಒರಗಿಸಿ ಎರಡೂ ಕೈ ಅಗಲಿಸುದ್ರು. ಒಂದು ಕೈ ಮಗ್ಗದ ಕಂಬಕ್ಕೆ ತಗುಲ್ತು, ಇನ್ನೊಂದು ಗೋಡೆಗೆ. 'ಇಲ್ಲಿ ಜಾಗ ಸಾಲಲ್ಲ, ಬೀದಿಗೆ ಬಾ' ಅಂತ ಅಮ್ಮನ್ನ ಕರ್ಕೊಂಡು ಹೊರಗೆ ಹೋದ್ರು."

ಬೆಳಗಿನ ಹೊತ್ತು, ಬೀದಿಯ ತುಂಬ ಹಾಸು ಕಟ್ಟುವವರಿದ್ದರಂತೆ. ಅವರೆಲ್ಲರ ನಡುವೆ ದೊಡ್ಡಪ್ಪ ಎರಡೂ ಕೈಗಳನ್ನು ಎಷ್ಟು ಸಾಧ್ಯವೋ ಅಷ್ಟು ಅಗಲಿಸಿ ನಿಂತುಕೊಂಡರಂತೆ, ದೊಡ್ಡಮ್ಮ "ಸಾಕು, ಎಲ್ರೂ ನೋಡ್ತಾವ್ರೆ" ಎಂದು ಹೇಳುವ ತನಕ.